ಹಿಗ್ಗುವ ಬಟ್ಟೆಗೆ ಮಾರ್ಜಿನ್ ಯಾಕೆ?

ದುಗ್ಗಮ್ಮನ ಜಾತ್ರೆಗೆ ಅಂತ ನಮ್ಮೂರು ದಾವಣಗೆರೆಗೆ ಹೋಗಿದ್ದೆ. ಹೋಗುವಾಗ ಬ್ಯಾಗಿನಲ್ಲಿ ಒಂದು ತುಂಡು ರಿಬ್ ಬಟ್ಟೆ ಇಟ್ಟುಕೊಂಡಿದ್ದೆ, ಅಂದರೆ ಉದ್ದುದ್ದ ಗೆರೆ ಬರುವಂತೆ ಹೆಣೆದ, ಹಿಗ್ಗುವ ಬಟ್ಟೆ. ಹತ್ತಿ ಮತ್ತು ಲೈಕ್ರಾ ಅನ್ನುವ ಹಿಗ್ಗುವ ನೂಲು ಸೇರಿದ್ದು, ಕಡುಹಸಿರು ಬಣ್ಣ. ಮೈಗೆ ಸರಿಯಾಗಿ ಕೂರುವ, ತೋಳಿಲ್ಲದ ಒಂದು ಟ್ಯಾಂಕ್ ಟಾಪ್ ಹೊಲಿಸಬೇಕಿತ್ತು. ಮನೆ ಹತ್ತಿರದ ಟೈಲರ್ ಬಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, ಹಾಗೇ ವಾಪಸ್ ಇಟ್ಟರು. "ಬನಿಯನ್ ಬಟ್ಟೆ ಇದು. ಇದನ್ನೇನು ಹೊಲಿಸ್ತೀರವ್ವ, ಅಂಗಡ್ಯಾಗೆ ರೆಡಿ ಸಿಗ್ತಾವಲ್ಲ" ಅಂದರು. ಬೇಜಾರಾಯಿತು. ಹೊಲಿಯಲ್ಲ ಅಂದಿದ್ದಕ್ಕಲ್ಲ, ಅದು ಹೊಲಿಯುವ ಬಟ್ಟೆಯೇ ಅಲ್ಲ ಎಂಬಂತೆ ನೋಡಿದ್ದಕ್ಕೆ.

ನಾನೀಗ ಇರುವುದು ತಮಿಳುನಾಡಿನ ತಿರುಪ್ಪೂರಿನಲ್ಲಿ. ಇಲ್ಲಿ ಈ ಬಟ್ಟೆಯೇ ಊರಿನ ಅನ್ನ. ಮೀಟರ್ ಲೆಕ್ಕದಲ್ಲಿ ಅಲ್ಲ, ಕೆಜಿ ಲೆಕ್ಕದಲ್ಲಿ ಕೊಡುತ್ತಾರೆ. ಬಟ್ಟೆ ಎಷ್ಟು ದಪ್ಪ ಅಂತ ಕೇಳಬೇಕಾದರೆ ಜಿಎಸ್‌ಎಂ ಎಷ್ಟು ಅಂತ ಕೇಳುತ್ತಾರೆ. ಅಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಅಂತ. 200 ಜಿಎಸ್‌ಎಂ ಬಟ್ಟೆಯಾದರೆ ನನ್ನಂಥವರ ಒಂದು ಟಾಪಿಗೆ 200 ಗ್ರಾಂ ಒಳಗೇ ಸಾಕು. ತರಕಾರಿ ತಂದಷ್ಟೇ ಸಲೀಸಾಗಿ ಕಟ್ ಪೀಸ್ ತಂದು, ಸಂಜೆ ಹೊಲಿದು, ಮರುದಿನ ಹಾಕಿಕೊಳ್ಳುವ ಹೆಂಗಸರು ಇಲ್ಲಿದ್ದಾರೆ. ಅವರಲ್ಲಿ ಒಬ್ಬರು ನಮ್ಮ ಪಕ್ಕದ ಮನೆ ಅಕ್ಕ. ಮೊದಲು ಬನಿಯನ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದರು. ನನಗೆ ಈ ಹೊಲಿಗೆ ಕಲಿಸಿದವರು ಅವರೇ.

ಅವರ ಹತ್ತಿರ ಮೊದಲು ಕಂಡು ಗಾಬರಿಯಾಗಿದ್ದು ಅಳತೆ. ನನ್ನ ಎದೆಯ ಸುತ್ತಳತೆ 36 ಇಂಚು. ಅವರು ಬಟ್ಟೆಗೆ 33 ಅಂತ ಗುರುತು ಹಾಕಿದರು. ಮೈಗಿಂತ 3 ಇಂಚು ಕಮ್ಮಿ! ನಾನು ಹುಟ್ಟಿ ಬೆಳೆದಿದ್ದು "ಸ್ವಲ್ಪ ಲೂಸ್ ಇರಲಿ, ಒಳಗೆ ಎರಡಿಂಚು ಮಾರ್ಜಿನ್ ಬಿಡಿ" ಎಂಬ ಮಾತು ಕೇಳಿಕೊಂಡು. ನಮ್ಮಲ್ಲಿ ಸ್ಕೂಲ್ ಯೂನಿಫಾರ್ಮ್‌ಗೆ ಮಾರ್ಜಿನ್, ಮದುವೆ ಜಾಕೀಟಿಗೆ (ಬ್ಲೌಸಿಗೆ) ಮಾರ್ಜಿನ್, ಬಾಣಂತನ ಆದಮೇಲೆ ಬಿಚ್ಚಿಕೊಳ್ಳಲಿ ಅಂತ ಅದಕ್ಕೂ ಮುಂಚೆಯೇ ಮಾರ್ಜಿನ್. ನಾಳೆಗೆ ಅಂತ ಇವತ್ತಿನ ಬಟ್ಟೆಯ ಒಳಗೆ ಬಟ್ಟೆ ಮಡಚಿ ಇಡುವ ಊರು ನಮ್ಮದು. ಇಲ್ಲಿ ಹಾಗಲ್ಲ. ಬಟ್ಟೆಯೇ ಹಿಗ್ಗುತ್ತದೆ, ನೀನ್ಯಾಕೆ ಲೂಸ್ ಬಿಡ್ತೀಯ ಅನ್ನುತ್ತಾರೆ.

ಅದು ಸರಿ ಕೂಡ. ಮಗ್ಗದ ಬಟ್ಟೆಯಲ್ಲಿ ದಾರ ಉದ್ದಕ್ಕೆ, ಅಡ್ಡಕ್ಕೆ ನೆಟ್ಟಗೆ ಓಡುತ್ತದೆ. ಹೆಣೆದ ಬಟ್ಟೆಯಲ್ಲಿ ದಾರ ಕುಣಿಕೆ ಕುಣಿಕೆಯಾಗಿ ಒಂದರೊಳಗೊಂದು ಸಿಕ್ಕಿಕೊಂಡಿರುತ್ತದೆ, ಎಳೆದರೆ ಕುಣಿಕೆ ಅಗಲವಾಗುತ್ತದೆ, ಬಿಟ್ಟರೆ ಮತ್ತೆ ಕೂಡಿಕೊಳ್ಳುತ್ತದೆ. ಕತ್ತರಿಸುವ ಮೊದಲು ಅಕ್ಕ 10 ಸೆಂಟಿಮೀಟರ್ ಬಟ್ಟೆ ಹಿಡಿದು ಸ್ಕೇಲಿನ ಮೇಲೆ ಎಳೆಯುತ್ತಾರೆ. ಆರಾಮಾಗಿ 15ರ ತನಕ ಬಂದರೆ ಮೈಗೆ ಅಂಟುವ ಟಾಪಿಗೆ ಒಳ್ಳೆಯದು. 12ಕ್ಕೇ ನಿಂತುಬಿಟ್ಟರೆ ಅಷ್ಟು ಕಮ್ಮಿ ಅಳತೆಗೆ ಕತ್ತರಿ ಹಾಕಬಾರದು. ಜಾಸ್ತಿ ಹಿಗ್ಗುವ ದಿಕ್ಕು ಮೈ ಸುತ್ತ ಬರಬೇಕು, ಮೇಲೆ ಕೆಳಗೆ ಅಲ್ಲ. ಬಟ್ಟೆಯನ್ನು ಮೊದಲೇ ಒಗೆದು ಒಣಗಿಸಿರಬೇಕು, ಹತ್ತಿ ಹೆಣಿಗೆ ಕುಗ್ಗುತ್ತದೆ.

ಸೂಜಿ ವಿಷಯದಲ್ಲಂತೂ ಊರಿನ ಮೇಲೆ ನನಗೆ ನಿಜವಾಗಲೂ ಸಿಟ್ಟಿದೆ. ನಮ್ಮಲ್ಲಿ ಮಿಷನ್ನಿಗೆ ಹಾಕಿದ ಸೂಜಿ ಮುರಿಯುವ ತನಕ ಅದೇ. ಬ್ಲೌಸಿಗೂ ಅದೇ, ಪರದೆಗೂ ಅದೇ. ಚೂಪು ಸೂಜಿ ಈ ಬಟ್ಟೆಯ ದಾರವನ್ನೇ ಚುಚ್ಚಿ ಕತ್ತರಿಸುತ್ತದೆ. ತೂತು ಬೀಳುತ್ತದೆ, ಒಂದು ಕುಣಿಕೆ ಬಿಚ್ಚಿಕೊಂಡರೆ ಸಾಲಾಗಿ ಬಿಚ್ಚುತ್ತಾ ಹೋಗುತ್ತದೆ, ಹೊಲಿಗೆ ಅಲ್ಲಲ್ಲಿ ತಪ್ಪುತ್ತದೆ. ಆಮೇಲೆ "ಈ ಬಟ್ಟೆ ಮಿಷನ್ನಿಗೆ ಕೂಡಲ್ಲ" ಅಂತ ಬಟ್ಟೆ ಮೇಲೆ ಅಪವಾದ. ಬೇಕಿರುವುದು ಬಾಲ್ ಪಾಯಿಂಟ್ ಸೂಜಿ, 11ನೇ ನಂಬರ್. ತುದಿ ಸ್ವಲ್ಪ ಗುಂಡಗಿರುತ್ತದೆ, ದಾರವನ್ನು ಪಕ್ಕಕ್ಕೆ ಸರಿಸಿ ಸಂದಿಯಲ್ಲಿ ಇಳಿಯುತ್ತದೆ. ಜೊತೆಗೆ ಪಾಲಿಯೆಸ್ಟರ್ ದಾರ. ನೇರ ಹೊಲಿಗೆ ಬದಲು ಸಣ್ಣ ಝಿಗ್‌ಜಾಗ್, ಅಂದರೆ ಅಂಕುಡೊಂಕು ಹೊಲಿಗೆ, ಅಗಲ 1 ಮಿಲಿಮೀಟರ್, ಉದ್ದ ಎರಡೂವರೆ. ಹಾಗೆ ಹಾಕಿದರೆ ಟಾಪನ್ನು ತಲೆ ಮೇಲಿಂದ ಎಳೆದುಕೊಳ್ಳುವಾಗ ಹೊಲಿಗೆ ಪಟ್ ಅಂತ ಹರಿಯಲ್ಲ. ಅಂಚಿಗೆ ದಾರ ಸುತ್ತಿ ಹೊಲಿಯುವ ಓವರ್‌ಲಾಕ್ ಮಿಷನ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ, ಯಾಕಂದರೆ ಈ ಬಟ್ಟೆಯ ಅಂಚು ಮಗ್ಗದ ಬಟ್ಟೆಯ ಹಾಗೆ ನೂಲು ಬಿಡುವುದಿಲ್ಲ.

ಕತ್ತಿನ ಪಟ್ಟಿ ಇನ್ನೊಂದು. ಕತ್ತಿನ ಸುತ್ತು 24 ಇಂಚು ಇದ್ದರೆ ಪಟ್ಟಿ 20 ಇಂಚು ಮಾತ್ರ. ಪಟ್ಟಿಯನ್ನು ಬಳೆಯಂತೆ ಸೇರಿಸಿ, ಪಟ್ಟಿಗೂ ಕತ್ತಿಗೂ ನಾಲ್ಕು ಕಡೆ ಗುರುತು ಮಾಡಿ ಪಿನ್ ಹಾಕಿ, ಹೊಲಿಯುವಾಗ ಪಟ್ಟಿಯನ್ನಷ್ಟೇ ಮೆಲ್ಲಗೆ ಎಳೆಯಬೇಕು. ಟಾಪನ್ನು ಎಳೆಯಲೇಬಾರದು. ಎಳೆದರೆ ಕತ್ತು ಅಲೆ ಅಲೆಯಾಗಿ ಕೂರುತ್ತದೆ. ಹೆಗಲಿನ ಹೊಲಿಗೆಯಲ್ಲಿ ಮಾತ್ರ ಒಂದು ತೆಳು ಹತ್ತಿ ಟೇಪು ಸೇರಿಸಿದರೆ ಅದು ಜೋತು ಬೀಳುವುದಿಲ್ಲ.

ಇದರಲ್ಲಿ ದಾವಣಗೆರೆಯವರಿಗೆ ಬಾರದ್ದು ಏನಿದೆ ಹೇಳಿ? ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು. ಸುತ್ತಲಿನ ಹತ್ತಿ, ಗಿರಣಿ ಸೈರನ್ನು, ಪಾಳಿ ಕೆಲಸ, ಇದರಲ್ಲೇ ಎಷ್ಟೋ ಮನೆಗಳು ಬದುಕಿದ್ದವು. ಗಿರಣಿ ಮುಚ್ಚಿದ್ದು ಜನರ ತಪ್ಪಲ್ಲ, ಅದು ನನಗೆ ಗೊತ್ತು. ಆದರೆ ಹೊಸ ಬಟ್ಟೆ ಬಂದಾಗ ಕೈ ಹಾಕಿ ನೋಡುವ ಆಸೆಯೂ ಮುಚ್ಚಿಹೋಯಿತಾ? ಊರಿನ ತುಂಬ ಬಟ್ಟೆ ಅಂಗಡಿಗಳು, ಮೈಮೇಲೆ ಹಾಕುವ ಟೀ ಶರ್ಟು, ಲೆಗ್ಗಿನ್ಸು ಎಲ್ಲಾ ಇದೇ ಹೆಣಿಗೆ. ದಿನಾ ತೊಡುತ್ತೇವೆ, ಹೊಲಿಯಬಹುದು ಅಂತ ಮಾತ್ರ ಅನ್ನಿಸುವುದಿಲ್ಲ. ಏಪ್ರಿಲ್ ಬಿಸಿಲಿಗೆ ಕುರ್ತಾ ಒಳಗೆ ಹಾಕಿಕೊಳ್ಳಲು ಮೆತ್ತಗಿನ ಒಂದು ಟಾಪ್ ಯಾರಿಗೆ ಬೇಡ? "ಮೈಗೆ ಅಂಟಿಕೊಂಡಂಗೆ ಐತಲ್ಲೇ" ಅಂತ ದೊಡ್ಡವ್ವ ಮುಖ ಸಿಂಡರಿಸಿದಳು. ಅಂಗಡಿಯಿಂದ ತಂದದ್ದು ಅವಳ ಸೊಸೆ ಮೈಮೇಲೆ ಇರಬಹುದು, ನಾನು ಹೊಲಿದರೆ ಮಾತ್ರ ಮಾತು. ಇಷ್ಟಕ್ಕೆಲ್ಲ ನನಗೆ ತಾಳ್ಮೆ ಇಲ್ಲ.

ಇರಲಿ. ಒಂದು ವಿಷಯ ಹೇಳಲೇಬೇಕು, ಹೇಳದಿದ್ದರೆ ಅನ್ಯಾಯ ಆಗುತ್ತದೆ. ತಿರುಪ್ಪೂರಿನ ಅಕ್ಕ ಹೊಲಿದ ಟಾಪುಗಳಲ್ಲಿ ನನಗೆ ಯಾವಾಗಲೂ ಕಂಕುಳ ಹತ್ತಿರ ಬಾಯಿ ಬಿಡುತ್ತಿತ್ತು. "ಹಿಗ್ಗುತ್ತೆ, ಕೂರುತ್ತೆ" ಅನ್ನುತ್ತಿದ್ದರು, ಕೂರುತ್ತಿರಲಿಲ್ಲ. ದಾವಣಗೆರೆಯ ನಿಟ್ಟುವಳ್ಳಿಯಲ್ಲಿರುವ ನಮ್ಮ ಚಿಗವ್ವ ಮನೆಯಲ್ಲೇ ಜಾಕೀಟು ಹೊಲಿಯುತ್ತಾಳೆ. ಒಂದು ಸಲ ನೋಡಿದಳು. ಬಾಯಿ ಬಿಟ್ಟ ಜಾಗದಲ್ಲಿ ಅರ್ಧ ಇಂಚು ಚಿವುಟಿ ಪಿನ್ ಹಾಕಿದಳು. ಆ ಚಿವುಟಿದ್ದನ್ನು ಕಾಗದದ ಕಟಿಂಗ್‌ನಲ್ಲಿ ಮಡಚಿ ಪಕ್ಕದ ಹೊಲಿಗೆ ಕಡೆ ತಿರುಗಿಸಿದಳು. ಅಷ್ಟೇ, ಕೂತಿತು. ಡಾರ್ಟ್, ಅಂದರೆ ಮೈಗೆ ಕೂರಲಿ ಅಂತ ಹಾಕುವ ಮಡಿಕೆ, ಎಲ್ಲಿಂದ ಎಲ್ಲಿಗೆ ಹೋಗಬೇಕು ಅನ್ನುವುದು ನಮ್ಮ ಜಾಕೀಟು ಹೊಲಿಯುವ ಕೈಗಳಿಗೆ ಗೊತ್ತಿರುವಷ್ಟು, ಪೀಸ್ ಲೆಕ್ಕದಲ್ಲಿ ಹೊಲಿದ ಕೈಗಳಿಗೆ ಗೊತ್ತಿಲ್ಲ.

ಝಿಗ್‌ಜಾಗ್ ಮಿಷನ್ ಇಲ್ಲ ಅನ್ನುವ ನೆಪವೂ ನಮ್ಮೂರಲ್ಲಿ ನಡೆಯಲ್ಲ. ಪಿಕೋ ಫಾಲ್ ಬೋರ್ಡ್ ಇಲ್ಲದ ಬೀದಿ ಯಾವುದಿದೆ? ಪಿಕೋ ಹಾಕುವುದು ಝಿಗ್‌ಜಾಗ್ ಮಿಷನ್ನಿನಲ್ಲೇ ಅಲ್ವಾ? ಸೀರೆ ಅಂಚಿಗೆ ಹಾಕುವಷ್ಟು ದಟ್ಟ ಬೇಡ, ಸ್ವಲ್ಪ ದೂರ ದೂರ ಹಾಕಿ ಅಂತ ಹೇಳಿ, ನಮ್ಮ ಸೂಜಿ ನಾವೇ ಕೊಟ್ಟರೆ ಆಯಿತು. ಚಿಗವ್ವನ ಬೀದಿಯಲ್ಲೇ ನನ್ನ ಟಾಪಿನ ಕತ್ತು ಹಾಗೇ ಮುಗಿಯಿತು. ಪಕ್ಕದ ಹೊಲಿಗೆಯನ್ನು ಅವಳ ತುಳಿಯುವ ಮಿಷನ್ನಿನಲ್ಲೇ, ಹೊಲಿಗೆ ಸಣ್ಣ ಮಾಡಿ, ಬಟ್ಟೆಯನ್ನು ಹಿಂದೆ ಮುಂದೆ ಒಂಚೂರು ಎಳೆದು ಹಿಡಿದು ಹಾಕಿದೆವು.

ಈಗ ಅವಳೂ ನನ್ನ ಹತ್ತಿರ ರಿಬ್ ಬಟ್ಟೆ ಕೇಳಿದ್ದಾಳೆ, ಮುಂದಿನ ಸಲ ಒಂದು ಕೆಜಿ ತಗೊಂಡು ಹೋಗುತ್ತೇನೆ. ಒಂದು ವಿಷಯಕ್ಕೆ ಮಾತ್ರ ನಮ್ಮಿಬ್ಬರಿಗೂ ಇನ್ನೂ ಜಗಳ. ಪಕ್ಕಕ್ಕೆ ಒಂದಿಂಚಾದರೂ ಮಾರ್ಜಿನ್ ಬಿಡೋಣ ಅನ್ನುತ್ತಾಳೆ. ಕಾಲಿಂಚಿಗಿಂತ ಜಾಸ್ತಿ ನಾನು ಬಿಡಲ್ಲ.