ಒಂದು ಮೀಟರ್ ಅಗಲದ ಗಾಡಿ: ತುಮಕೂರಿಗೆ ಬೇಕೆ, ಬೇಡವೆ?

ಪ್ರಶ್ನೆ ಇಷ್ಟು. ಒಬ್ಬರೇ ಕೂರುವ, ಮೇಲೆ ಮುಚ್ಚಿದ, ನಾಲ್ಕು ಚಕ್ರದ, ಬ್ಯಾಟರಿಯಲ್ಲಿ ಓಡುವ ಕಿರುಗಾಡಿಯನ್ನು ವಿನ್ಯಾಸ ಮಾಡಿ, ಬಸ್ ನಿಲ್ದಾಣ, ರೈಲು ನಿಲ್ದಾಣ, ಕಾಲೇಜುಗಳ ಬಳಿ ಬಾಡಿಗೆಗೆ ಇಟ್ಟರೆ ತುಮಕೂರಿನ ಬಿ.ಎಚ್. ರಸ್ತೆ, ಅಶೋಕ ರಸ್ತೆಯ ದಟ್ಟಣೆ ಇಳಿಯುತ್ತದೆಯೇ?

ಪರ: ಖಾಲಿ ಸೀಟಿಗೂ ರಸ್ತೆ ಬಿಡಬೇಕೆ?

ಮೊದಲು ಒಂದು ಮಾತು. ಕಂಬದ ಮೇಲೆ ಚಾಲಕರಿಲ್ಲದೆ ತಾನೇ ಓಡುವ ಪುಟ್ಟ ಗಾಡಿಗಳ, ಅಂದರೆ ಪಾಡ್‌ಗಳ ಚಿತ್ರ ಇಲ್ಲಿ ಬೇಡ. ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದಲ್ಲಿ 2011ರಿಂದ ಅಂಥವು ಓಡಿದವು. ಇದ್ದದ್ದು 21 ಪಾಡ್, ಕೆಲಸ ಕಾರು ನಿಲ್ಲಿಸುವ ಜಾಗದಿಂದ ಟರ್ಮಿನಲ್‌ಗೆ ಜನರನ್ನು ಸಾಗಿಸುವುದು. ಮಂಡಿಪೇಟೆಯ ಮೇಲೆ ಅಂಥ ದಾರಿ ಎಬ್ಬಿಸಲು ಜಾಗವೂ ಇಲ್ಲ, ದುಡ್ಡೂ ಇಲ್ಲ. ಇರುವ ರಸ್ತೆಯಲ್ಲೇ ಓಡುವ ಗಾಡಿ ಬೇಕು.

ದಟ್ಟಣೆಯ ಲೆಕ್ಕದಲ್ಲಿ ಉದ್ದಕ್ಕಿಂತ ಅಗಲ ದೊಡ್ಡದು. ಗಂಟೆಗೆ 30 ಕಿ.ಮೀ ವೇಗದಲ್ಲಿ ಮುಂದಿನ ಗಾಡಿಯಿಂದ ಒಂದೂವರೆ ಸೆಕೆಂಡಿನ ಅಂತರ ಬಿಟ್ಟರೆ ಅದೇ 12.5 ಮೀಟರ್ ಆಗುತ್ತದೆ. ನಾಲ್ಕು ಮೀಟರಿನ ಕಾರು ಆ ಅಂತರ ಸೇರಿ 16.5 ಮೀಟರ್ ತಿನ್ನುತ್ತದೆ, 2.2 ಮೀಟರಿನ ಕಿರುಗಾಡಿ 14.7. ಉಳಿತಾಯ ಜುಜುಬಿ. ಆದ್ದರಿಂದಲೇ ಗಿಡ್ಡ ಕಾರುಗಳಿಂದ ರಸ್ತೆ ಬಿಡುವಾಗುವುದಿಲ್ಲ. ಬೆಂಗಳೂರಿನಲ್ಲೇ ತಯಾರಾಗಿ 2001ರಲ್ಲಿ ಬಂದ ಬ್ಯಾಟರಿ ಕಾರು ರೇವಾ ಸುಮಾರು 2.6 ಮೀಟರ್ ಉದ್ದವಿತ್ತು, ಅಗಲ ಮಾತ್ರ 1.3 ಮೀಟರ್ ದಾಟಿತ್ತು. ಎರಡು ರೇವಾ ಒಂದೇ ಲೇನಿನಲ್ಲಿ ಅಕ್ಕಪಕ್ಕ ಹೋಗುವುದು ಕಷ್ಟ. ಅಗಲ ಒಂದೇ ಮೀಟರ್ ಆದರೆ ಲೆಕ್ಕ ಬೇರೆ: 3.5 ಮೀಟರಿನ ಲೇನಿನಲ್ಲಿ ಎರಡು ಗಾಡಿ, ನಡುವೆ ಅರ್ಧ ಮೀಟರ್, ಎರಡು ಅಂಚಿಗೂ ಅರ್ಧರ್ಧ ಮೀಟರ್, ಸರಿಯಾಗಿ ಕೂರುತ್ತದೆ. ಹಸಿರು ದೀಪ 30 ಸೆಕೆಂಡ್ ಇದ್ದರೆ ಒಂದು ಲೇನಿನಿಂದ ಹದಿನೈದು ಕಾರು ದಾಟುವ ಕಡೆ ಅದರ ಎರಡರಷ್ಟು ಹತ್ತಿರ ಕಿರುಗಾಡಿ ದಾಟುತ್ತವೆ. ಬೆಳಿಗ್ಗೆ ಟೌನ್‌ಹಾಲ್ ವೃತ್ತದಲ್ಲಿ ನಿಂತ ಕಾರುಗಳ ಒಳಗೆ ಇಣುಕಿ ನೋಡಿ, ಬಹುತೇಕದರಲ್ಲಿ ಇರುವುದು ಒಬ್ಬರೇ. ಉಳಿದ ನಾಲ್ಕು ಸೀಟಿಗೂ ನಾವು ರಸ್ತೆ ಬಿಟ್ಟುಕೊಟ್ಟಿದ್ದೇವೆ.

ಇಷ್ಟು ಕಿರಿದಾದ ಗಾಡಿ ಉರುಳದೆ ಇರಬೇಕಲ್ಲ? ವಿನ್ಯಾಸದ ಕಷ್ಟವೆಲ್ಲ ಅಲ್ಲೇ ಇದೆ. ಗಾಡಿ ಯಾವಾಗ ಮಗುಚುತ್ತದೆ ಎಂಬುದನ್ನು ಎರಡು ಅಳತೆ ನಿರ್ಧರಿಸುತ್ತವೆ: ಎಡ-ಬಲ ಚಕ್ರಗಳ ನಡುವಿನ ಅಂತರದ ಅರ್ಧ, ಮತ್ತು ಗುರುತ್ವಕೇಂದ್ರದ ಎತ್ತರ. ಒಂದು ಮೀಟರ್ ಅಗಲದಲ್ಲಿ ಟೈರಿನ ದಪ್ಪ ಕಳೆದರೆ ಚಕ್ರದಿಂದ ಚಕ್ರಕ್ಕೆ 85 ಸೆಂ.ಮೀ ಸಿಗುತ್ತದೆ. ಸೀಟು ನೆಲದಿಂದ 45 ಸೆಂ.ಮೀ, ಬ್ಯಾಟರಿ ಮತ್ತು ಮೋಟಾರ್ ತಳದಲ್ಲಿ, ಮೇಲ್ಛಾವಣಿ ಹಗುರ. ಹೀಗೆ ಕಟ್ಟಿದರೆ ಸವಾರನನ್ನೂ ಸೇರಿಸಿ ಗುರುತ್ವಕೇಂದ್ರ ಸುಮಾರು 50 ಸೆಂ.ಮೀ ಎತ್ತರದಲ್ಲಿ ನಿಲ್ಲುತ್ತದೆ. ಆಗ ತನ್ನ ತೂಕದ 0.85ರಷ್ಟು ಅಡ್ಡಬಲ ಬಂದಾಗ ಮಾತ್ರ ಒಳಚಕ್ರ ನೆಲ ಬಿಡುತ್ತದೆ. ಹತ್ತು ಮೀಟರ್ ತ್ರಿಜ್ಯದ ತಿರುವಿನಲ್ಲಿ ಅದು ಗಂಟೆಗೆ 33 ಕಿ.ಮೀ. ಇದೇ ಅಳತೆಯಲ್ಲಿ ಮೂರು ಚಕ್ರ ಹಾಕಿದರೆ ಮಿತಿ 27ಕ್ಕೆ ಇಳಿಯುತ್ತದೆ, ಏಕೆಂದರೆ ಒಂಟಿ ಚಕ್ರದ ಕಡೆಗೆ ಆಸರೆಯ ಅಗಲ ಮೊನಚಾಗುತ್ತಾ ಹೋಗುತ್ತದೆ. ಹಾಗಾಗಿ ನಾಲ್ಕು ಚಕ್ರವೇ ಬೇಕು, ಇದರಲ್ಲಿ ಚೌಕಾಸಿ ಇಲ್ಲ.

ತಿರುವಿನಲ್ಲಿ ಬೈಕಿನ ಹಾಗೆ ವಾಲುವ ಗಾಡಿ ಮಾಡಬಹುದಲ್ಲ ಎನ್ನುವವರಿದ್ದಾರೆ. ಟೊಯೊಟಾ 2013ರಲ್ಲಿ ತೋರಿಸಿದ ಐ-ರೋಡ್ ಅಂಥದ್ದೇ, ಸುಂದರ ಯಂತ್ರ. ಆದರೆ ವಾಲಿಸುವ ಮೋಟಾರ್, ಅದಕ್ಕೊಂದು ಸೆನ್ಸರ್, ಅದು ಕೆಟ್ಟರೆ ಗಾಡಿಯನ್ನು ನೆಟ್ಟಗೆ ನಿಲ್ಲಿಸುವ ಮತ್ತೊಂದು ವ್ಯವಸ್ಥೆ, ಇವೆಲ್ಲ ಬಾಡಿಗೆ ಗಾಡಿಗೆ ಹೊರೆ. ಗುಬ್ಬಿ ಗೇಟಿನ ಮೆಕ್ಯಾನಿಕ್ ಸ್ಪ್ಯಾನರ್ ಹಿಡಿದು ರಿಪೇರಿ ಮಾಡುವಂತಿರಬೇಕು.

ಉಳಿದ ಭಾಗಗಳಲ್ಲಿ ಹೊಸ ಸಂಶೋಧನೆ ಬೇಕಿಲ್ಲ. ಗಾಡಿಯ ತೂಕ 220ರಿಂದ 225 ಕೆ.ಜಿ, ಸವಾರ ಸೇರಿ 300. ಬ್ಯಾಟರಿ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಜಾತಿಯದು: ಹದಿನಾರು ಸೆಲ್ ಸಾಲಾಗಿ 51.2 ವೋಲ್ಟ್, 50 ಆಂಪಿಯರ್-ಅವರ್, ಅಂದರೆ ಎರಡೂವರೆ ಯೂನಿಟ್ ವಿದ್ಯುತ್ತು. ನಿಂತು ಹೊರಡುವ ಊರಿನ ಓಟದಲ್ಲಿ ಕಿ.ಮೀಗೆ 40 ವ್ಯಾಟ್-ಅವರ್ ಹಿಡಿದು, ಬ್ಯಾಟರಿಯ ಶೇ. 80 ಮಾತ್ರ ಬಳಸಿದರೂ 50 ಕಿ.ಮೀ ಓಡುತ್ತದೆ. ಕ್ಯಾತ್ಸಂದ್ರದಿಂದ ಗುಬ್ಬಿ ಗೇಟಿಗೆ ಹೋಗಿ ಬಂದರೂ ಅರ್ಧದ ಮೇಲೆ ಉಳಿಯುತ್ತದೆ. ಬ್ಯಾಟರಿಗೆ ಹತ್ತು ಆಂಪಿಯರ್ ಕೊಡುವ ಚಾರ್ಜರ್ ಮನೆಯ ಐದು ಆಂಪಿಯರ್ ಪ್ಲಗ್ಗಿನಲ್ಲೇ ನಡೆಯುತ್ತದೆ, ತುಂಬಲು ಐದರಿಂದ ಐದೂವರೆ ಗಂಟೆ.

ಮೋಟಾರ್ ಮೂರು ಕಿಲೋವ್ಯಾಟ್ ಸಾಕು, ಏರಿನಲ್ಲಿ ಸ್ವಲ್ಪ ಹೊತ್ತು ಆರು ಕೊಡುವಂಥದ್ದು. ಚಕ್ರದೊಳಗಿನ ಹಬ್ ಮೋಟಾರ್ ಬೇಡ. ನೆಲಮಾಳಿಗೆಯ ರ‍್ಯಾಂಪ್ ಹತ್ತಲು ಚಕ್ರಗಳಿಗೆ ಸುಮಾರು 120 ನ್ಯೂಟನ್-ಮೀಟರ್ ತಿರುಚುಬಲ ಬೇಕು. ಗೇರ್ ಇಲ್ಲದ ಹಬ್ ಮೋಟಾರ್ ಅಷ್ಟು ಕೊಡಲು ಹೋಗಿ ಬಿಸಿಯಾಗುತ್ತದೆ, ಮೇಲಾಗಿ ಹಳ್ಳಕ್ಕೆ ಬಿದ್ದ ಪೆಟ್ಟೆಲ್ಲ ನೇರ ಅದಕ್ಕೇ. ಡಿಫರೆನ್ಷಿಯಲ್ (ತಿರುವಿನಲ್ಲಿ ಎಡ-ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು) ಜೊತೆಗಿನ ಇ-ಆಟೊ ಆಕ್ಸಲನ್ನೇ ಕಿರಿದು ಮಾಡಿ ಬಳಸಬಹುದು. ಟೈರ್ 4.50-10, ಮೂರು ಚಕ್ರದ ಗೂಡ್ಸ್ ಗಾಡಿಗೆ ಹಾಕುವುದು. ಪಂಚರ್ ಅಂಗಡಿಯಲ್ಲಿ ಇದರ ಟ್ಯೂಬ್ ಸಿಗುತ್ತದೆ. ಸ್ಕೂಟರ್ ಟೈರ್ ಅಗ್ಗವಾದರೂ ಅದು ವಾಲುವ ಗಾಡಿಗೆ ಮಾಡಿದ ದುಂಡು ಟೈರು, ಅಡ್ಡಬಲಕ್ಕೆ ಪಕ್ಕದ ಗೋಡೆ ಮಡಚಿಕೊಳ್ಳುತ್ತದೆ.

ಬಾಗಿಲು ಎಡಗಡೆಗೆ ಒಂದೇ. ಬಲಗಡೆ ಬಾಗಿಲಿಟ್ಟರೆ ಹಿಂದಿನಿಂದ ಬಂದ ಬೈಕಿನವನು ಅದಕ್ಕೆ ಹೊಡೆಯುತ್ತಾನೆ. ಮುಂದಿನ ಗಾಜು ಗಾಜೇ ಆಗಿರಬೇಕು. ಹಗುರವೆಂದು ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಹಾಕಿದರೆ ಧೂಳಿನ ಮೇಲೆ ವೈಪರ್ ಓಡಿ ಒಂದೇ ಮಳೆಗಾಲದಲ್ಲಿ ಗೀರು ಬೀಳುತ್ತದೆ, ರಾತ್ರಿ ಎದುರಿನ ದೀಪಕ್ಕೆ ಏನೂ ಕಾಣುವುದಿಲ್ಲ. ವೇಗದ ಮಿತಿ 45 ಕಿ.ಮೀ. ವಸಂತನರಸಾಪುರದ ಕೈಗಾರಿಕಾ ಪ್ರದೇಶಕ್ಕೆ ಇದರಲ್ಲಿ ಹೋಗಬಾರದು, ಹೆದ್ದಾರಿ 48ರ ಲಾರಿಗಳ ಪಕ್ಕ ಇದಕ್ಕೆ ಕೆಲಸವಿಲ್ಲ.

ಕಾನೂನಿನಲ್ಲಿ ಜಾಗವಿದೆ. ಕ್ವಾಡ್ರಿಸೈಕಲ್ ಎಂಬ ಹಗುರ ನಾಲ್ಕು ಚಕ್ರದ ಗಾಡಿಗಳ ವರ್ಗವನ್ನು 2018ರಲ್ಲಿ ಖಾಸಗಿ ಬಳಕೆಗೂ ತೆರೆದರು. ಅದರ ತೂಕದ ಮಿತಿಯ ಅರ್ಧಕ್ಕಿಂತ ಕಡಿಮೆಯಲ್ಲೇ ಈ ಗಾಡಿ ಮುಗಿಯುತ್ತದೆ.

ನಿಲ್ಲಿಸುವ ಜಾಗದ ಲಾಭವನ್ನು ಯಾರೂ ಅಲ್ಲಗಳೆಯಲಾರರು. ಒಂದು ಕಾರು ನಿಲ್ಲಿಸುವ ಜಾಗ 2.5ಕ್ಕೆ 5 ಮೀಟರ್. ಅದೇ ಜಾಗದಲ್ಲಿ ನಾಲ್ಕು ಕಿರುಗಾಡಿ ನಿಲ್ಲುತ್ತವೆ. ಅಶೋಕ ರಸ್ತೆಯಲ್ಲಿ ಅಂಗಡಿ ಮುಂದೆ ಕಾರು ನಿಲ್ಲಿಸಲು ಸುತ್ತು ಹೊಡೆಯುವವರೇ ಅರ್ಧ ದಟ್ಟಣೆ ಮಾಡುತ್ತಾರೆ ಎಂದರೆ ಸ್ವಲ್ಪ ಉತ್ಪ್ರೇಕ್ಷೆ ಇರಬಹುದು, ಸುಳ್ಳಂತೂ ಅಲ್ಲ.

ವಿರೋಧ: ಯಾರು ಇಳಿದು ಯಾರು ಹತ್ತುತ್ತಾರೆ?

ಗಾಡಿಯ ಲೆಕ್ಕ ಅಚ್ಚುಕಟ್ಟಾಗಿದೆ. ತಪ್ಪಿರುವುದು ಊರಿನ ಲೆಕ್ಕ.

ಮೇಲಿನ ವಾದವೆಲ್ಲ ಕಾರಿನವರು ಕಾರು ಬಿಟ್ಟು ಇದನ್ನು ಹತ್ತುತ್ತಾರೆ ಎಂಬ ಒಂದೇ ನಂಬಿಕೆಯ ಮೇಲೆ ನಿಂತಿದೆ. ತುಮಕೂರಿನ ಯಾವ ಸಿಗ್ನಲ್ಲಿನಲ್ಲಿ ನಿಂತು ನೋಡಿದರೂ ಮುಂದೆ ಮುತ್ತಿಕೊಂಡಿರುವುದು ದ್ವಿಚಕ್ರ. ಕಾರು ರಸ್ತೆಯ ಮೇಲೆ ಸುಮಾರು 5.4 ಚದರ ಮೀಟರ್ ನೆಲ ಮುಚ್ಚುತ್ತದೆ, ಬೈಕು 1.2, ಈ ಕಿರುಗಾಡಿ 2.2. ಕಾರಿನವನೊಬ್ಬ ಬದಲಾದರೆ 3.2 ಚ.ಮೀ ಉಳಿತಾಯ. ಸ್ಕೂಟರಿನವನೊಬ್ಬ ಮಳೆಗೆ, ಬಿಸಿಲಿಗೆ ಹೆದರಿ ಬದಲಾದರೆ 1 ಚ.ಮೀ ನಷ್ಟ. ಅಂದರೆ ಹತ್ತಿದವರಲ್ಲಿ ನಾಲ್ಕಕ್ಕೆ ಒಬ್ಬನಾದರೂ ಕಾರಿನಿಂದ ಬರದಿದ್ದರೆ ರಸ್ತೆ ಇನ್ನಷ್ಟು ಕಟ್ಟಿಕೊಳ್ಳುತ್ತದೆ. ಇದು ಸ್ಕೂಟರಿನ ಮೇಲೆ ಒಬ್ಬನೇ ಇದ್ದಾನೆಂದು ಹಿಡಿದ ಲೆಕ್ಕ. ಗಂಡ-ಹೆಂಡತಿ, ನಡುವೆ ಮಗು ಕೂತು ಹೋಗುವ ಸ್ಕೂಟರಿಗೆ ಒಬ್ಬರ ಗಾಡಿ ಬದಲಿಯೇ ಆಗುವುದಿಲ್ಲ. ಬಸ್ಸಿನಿಂದ ಇಳಿದು ಹತ್ತಿದವನ ಲೆಕ್ಕ ಇನ್ನೂ ಕೆಟ್ಟದು. ನಗರ ರಸ್ತೆಗಳಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1990ರಲ್ಲಿ ಕೊಟ್ಟ, ಒಂದೊಂದು ಗಾಡಿ ರಸ್ತೆಗೆ ಎಷ್ಟು ಹೊರೆ ಎಂದು ಕಾರಿಗೆ ಹೋಲಿಸಿ ಹೇಳುವ ಕೋಷ್ಟಕದಲ್ಲಿ ಕಾರು 1 ಆದರೆ ಬಸ್ಸು ಹೆಚ್ಚೆಂದರೆ 3.7. ನಲವತ್ತು ಜನ ಕೂತ ಬಸ್ಸಿನಲ್ಲಿ ಒಂದು ಕಾರಿನ ಪಾಲಿಗೆ ಹತ್ತಕ್ಕೂ ಹೆಚ್ಚು ಜನ ಬಂದಂತಾಯಿತು.

ಅದೇ ಕೋಷ್ಟಕದಲ್ಲಿ ಆಟೊ ರಿಕ್ಷಾ 1.2ರಿಂದ 2.0, ಅಂದರೆ ತನಗಿಂತ ದೊಡ್ಡದಾದ ಕಾರಿಗಿಂತ ಹೆಚ್ಚು. ಕಾರಣ ಗಾತ್ರವಲ್ಲ, ನಡತೆ. ನಿಧಾನವಾಗಿ ಎಳೆಯುತ್ತದೆ, ಕಂಡಲ್ಲಿ ನಿಲ್ಲುತ್ತದೆ. 300 ಕೆ.ಜಿಗೆ ಆರು ಕಿಲೋವ್ಯಾಟ್ ಎಂದರೆ ಕೆ.ಜಿಗೆ 20 ವ್ಯಾಟ್. ಸವಾರನನ್ನು ಹೊತ್ತ ಸಾಮಾನ್ಯ 110 ಸಿಸಿ ಸ್ಕೂಟರ್ 30ರ ಆಸುಪಾಸಿನಲ್ಲಿದೆ. ಹಸಿರು ದೀಪ ಬಿದ್ದ ಕೂಡಲೇ ಸ್ಕೂಟರುಗಳು ಮುಂದೆ ಹೋಗುತ್ತವೆ, ಅವುಗಳ ಹಿಂದೆ ಕಿರುಗಾಡಿ ತಡವಾಗಿ ಹೊರಡುತ್ತದೆ. ಲೇನಿಗೆ ಎರಡು ಸಾಲು ಎಂಬುದು ಬಿಳಿ ಗೆರೆ ಇರುವ, ಅದನ್ನು ಪಾಲಿಸುವ ಊರಿನ ಮಾತು. ಇಲ್ಲಿ ಎರಡು ಕಿರುಗಾಡಿಗಳ ನಡುವಿನ ಅರ್ಧ ಮೀಟರಿಗೂ ಬೈಕೊಂದು ತೂರುತ್ತದೆ. ತೂರಲಿಲ್ಲವೆಂದರೆ ಕನ್ನಡಿ ಮುರಿಯುತ್ತದೆ.

ಉರುಳುವ ಮಾತಿಗೆ ಬರೋಣ. 0.85 ಎಂಬುದು ಗಟ್ಟಿ ಕಟ್ಟಿಗೆಯ ಹಾಗೆ ಬಾಗದ ಗಾಡಿಯ ಲೆಕ್ಕ. ಸ್ಪ್ರಿಂಗ್ ವಾಲುತ್ತದೆ, ಟೈರ್ ಅದುಮಿಕೊಳ್ಳುತ್ತದೆ. ನಿಜವಾದ ಮಿತಿ 0.7ರ ಹತ್ತಿರ ಬರುತ್ತದೆ, ಒಣ ರಸ್ತೆಯಲ್ಲಿ ಟೈರಿನ ಹಿಡಿತವೂ ಸುಮಾರು ಅಷ್ಟೇ. ಅಂದರೆ ಗಾಡಿ ಜಾರುವುದೋ ಮಗುಚುವುದೋ ಅದೃಷ್ಟಕ್ಕೆ ಬಿಟ್ಟದ್ದು. ಜಾರಿದರೂ ಸುಖವಿಲ್ಲ. ಅಡ್ಡ ಜಾರುವ ಚಕ್ರ ಡಿವೈಡರಿನ ಕಲ್ಲಿಗೋ, ಗುಂಡಿಯ ಅಂಚಿಗೋ, ಕಾಂಕ್ರೀಟ್ ರಸ್ತೆ ಮುಗಿದು ಮಣ್ಣು ಶುರುವಾಗುವ ಮೆಟ್ಟಿಲಿಗೋ ತಗುಲಿದರೆ ಕಡಿಮೆ ವೇಗದಲ್ಲೂ ಮಗುಚುತ್ತದೆ. ಕಿರಿದಾದ ಗಾಡಿಗಳ ಪರೀಕ್ಷೆಯನ್ನು ಸಮತಟ್ಟಾದ ಮೈದಾನದಲ್ಲಿ ಮಾಡಿ ಮುಗಿಸಿದರೆ ಈ ಅಪಾಯ ಕಣ್ಣಿಗೇ ಬೀಳುವುದಿಲ್ಲ. ಇನ್ನು ಸವಾರ ಸೀಟಿನ ಹಿಂದೆ 25 ಕೆ.ಜಿ ಅಕ್ಕಿ ಮೂಟೆಯನ್ನೋ ಮೇಲೆ ಗ್ಯಾಸ್ ಸಿಲಿಂಡರನ್ನೋ ಇಡುವುದಿಲ್ಲ ಎಂದು ನಂಬುವವರು ಅಂತರಸನಹಳ್ಳಿ ಮಾರುಕಟ್ಟೆಯ ಹೊರಗೆ ಹತ್ತು ನಿಮಿಷ ನಿಂತರೆ ಸಾಕು.

ಅಮೆರಿಕದ ಟ್ಯಾಂಗೊ ಎಂಬ ಕಾರು ಕೇವಲ 99 ಸೆಂ.ಮೀ ಅಗಲವಿದ್ದೂ ಉರುಳುತ್ತಿರಲಿಲ್ಲ. ತಳದಲ್ಲಿ ನೂರಾರು ಕೆ.ಜಿ ಸೀಸದ ಬ್ಯಾಟರಿ ತುಂಬಿ, ಒಟ್ಟು ತೂಕವನ್ನು ಮಾಮೂಲಿ ಕಾರಿನಷ್ಟು ಮಾಡಿ ಸಾಧಿಸಿದ ಸ್ಥಿರತೆ ಅದು. 25 ಕೆ.ಜಿ ಬ್ಯಾಟರಿಯಿಂದ ಆ ಕೆಲಸ ಆಗದು. ಡಿಕ್ಕಿಯ ಸುರಕ್ಷತೆಯಲ್ಲೂ ಹಗುರ ಗಾಡಿಗಳ ದಾಖಲೆ ಚೆನ್ನಾಗಿಲ್ಲ: ಯುರೋಪಿನಲ್ಲಿ ಗಾಡಿಗಳನ್ನು ಡಿಕ್ಕಿ ಹೊಡೆಸಿ ನೋಡುವ 2016ರ ಯೂರೋ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ನಮ್ಮ ಕ್ವಾಡ್ರಿಸೈಕಲ್ ಬಜಾಜ್ ಕ್ಯೂಟ್‌ಗೆ ಸಿಕ್ಕಿದ್ದು ಒಂದೇ ನಕ್ಷತ್ರ.

ಬಾಡಿಗೆ ನಡೆಸುವುದರಲ್ಲಿ ಇನ್ನೊಂದು ಗೋಳಿದೆ. ತುಮಕೂರಿನ ಬೆಳಗಿನ ಓಟ ಒಂದೇ ದಿಕ್ಕಿನದು. ಬೆಂಗಳೂರಿನ ರೈಲು ಹಿಡಿಯುವವರು ಬೆಳಿಗ್ಗೆ ಗಾಡಿಗಳನ್ನೆಲ್ಲ ನಿಲ್ದಾಣಕ್ಕೆ ತಂದು ನಿಲ್ಲಿಸುತ್ತಾರೆ. ಸಂಜೆ ರೈಲು ಬರುವವರೆಗೆ ಅವು ಅಲ್ಲೇ. ಒಂದು ಗಾಡಿಗೆ ದಿನಕ್ಕೆ ಎರಡೇ ಬಾಡಿಗೆ. ಖಾಲಿ ಗಾಡಿಗಳನ್ನು ಲಾರಿಯಲ್ಲಿ ಹೇರಿ ಎಸ್‌.ಎಸ್. ಪುರಂಗೆ, ಬಟವಾಡಿಗೆ ಮರಳಿಸಿದರೆ ಆ ಲಾರಿಯೂ ಇದೇ ರಸ್ತೆಯಲ್ಲಿ ಹೋಗಬೇಕು. ಇನ್ನೂರು ಗಾಡಿ ನಿಲ್ಲಿಸಲು, ಒಂದಕ್ಕೆ 3 ಚ.ಮೀ ಹಿಡಿದರೂ, ಓಡಾಟದ ದಾರಿ ಬಿಟ್ಟು 600 ಚ.ಮೀ ಬೇಕು. ನೂರನ್ನು ಒಟ್ಟಿಗೆ ಚಾರ್ಜಿಗೆ ಹಾಕಿದರೆ ಚಾರ್ಜರಿನ ನಷ್ಟ ಸೇರಿ 65 ಕಿಲೋವ್ಯಾಟ್. 63 ಕೆವಿಎ ಟ್ರಾನ್ಸ್‌ಫಾರ್ಮರ್ ಅದನ್ನು ತಡೆಯದು, 100 ಕೆವಿಎಯದೇ ಬೇಕು. ಸರದಿ ಮೇಲೆ ಚಾರ್ಜ್ ಮಾಡಬಹುದು, ಒಪ್ಪೋಣ, ಆದರೆ ಆ ಖರ್ಚನ್ನು ಪರ ವಾದದವರು ಎಲ್ಲೂ ಕಾಣಿಸಿಲ್ಲ.

ಕೆಡುವುದು ಏನು ಎಂಬುದನ್ನೂ ಹೇಳಬೇಕು. ಬ್ಯಾಟರಿ ಪೆಟ್ಟಿಗೆ ನೀರು-ಧೂಳು ತಡೆಯುವ ಐಪಿ67 ದರ್ಜೆಯದಿದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ, ಹೊಸದಿದ್ದಾಗ. ಕನೆಕ್ಟರುಗಳು, ಆಕ್ಸಿಲರೇಟರಿನ ಸೆನ್ಸರು, ಬ್ರೇಕ್ ಸ್ವಿಚ್ಚು ಅಷ್ಟು ಗಟ್ಟಿ ಇರುವುದಿಲ್ಲ. ಮಳೆ ನೀರು ನಿಂತ ಶೆಟ್ಟಿಹಳ್ಳಿ ಅಂಡರ್‌ಪಾಸಿನಲ್ಲಿ ನಾಲ್ಕು ಸಲ ಇಳಿದ ಗಾಡಿ ಬೇಸಿಗೆಯಲ್ಲಿ, ಯಾವ ಸೂಚನೆಯೂ ಇಲ್ಲದೆ, ಹಸಿರು ತುಕ್ಕು ಹಿಡಿದ ಒಂದು ಪಿನ್ನಿನಿಂದ ನಡುರಸ್ತೆಯಲ್ಲಿ ನಿಲ್ಲುತ್ತದೆ. ಬೈಕಾದರೆ ತಳ್ಳಿಕೊಂಡು ಫುಟ್‌ಪಾತಿಗೆ ಹತ್ತಿಸಬಹುದು. 220 ಕೆ.ಜಿ ನಾಲ್ಕು ಚಕ್ರವನ್ನು ಒಬ್ಬರು ಹತ್ತಿಸಲಾರರು. ಏಪ್ರಿಲ್ ಬಿಸಿಲಿನಲ್ಲಿ ಏಸಿ ಇಲ್ಲದ ಗಾಜಿನ ಗೂಡಿನೊಳಗೆ ಕಾರಿನವನು ಕೂರುತ್ತಾನೆಯೇ ಎಂಬುದು ಬೇರೆ ಪ್ರಶ್ನೆ. ಏಸಿ ಹಾಕಿದರೆ 50 ಕಿ.ಮೀ ಓಟ ಉಳಿಯುವುದಿಲ್ಲ.

ಬಿ.ಎಚ್. ರಸ್ತೆಯಲ್ಲಿ ಒಂದು ಕಡೆಗೆ ಎರಡು ಲೇನ್ ಎಂದರೆ ಏಳು ಮೀಟರ್. ಅಂಚಿಗೆ ಒಂದು ಸಾಲು ಕಾರು ನಿಂತರೆ ಐದು ಉಳಿಯಿತು, ಲೆಕ್ಕಕ್ಕೆ ಒಂದೂವರೆ ಲೇನ್. ಆ ಸಾಲನ್ನು ಎತ್ತಿಸಲು ಹೊಸ ಗಾಡಿ ಬೇಡ, ದಿನವೂ ಟೋಯಿಂಗ್ ನಡೆಸುವ ಮನಸ್ಸು ಬೇಕು. ಅದೇ ರಸ್ತೆಯಲ್ಲಿ ಕ್ಯಾತ್ಸಂದ್ರದಿಂದ ಗುಬ್ಬಿ ಗೇಟಿನವರೆಗೆ ಹತ್ತು ನಿಮಿಷಕ್ಕೊಂದು ನಗರ ಸಾರಿಗೆ ಬಸ್ಸು ಓಡಿದರೆ ರೈಲು ಹಿಡಿಯುವವರೂ ಕಾಲೇಜಿನ ಮಕ್ಕಳೂ ಅದರಲ್ಲೇ ಹೋಗುತ್ತಾರೆ.

ಆದರೂ ಪ್ರಯೋಗ ಮಾಡಿಯೇ ತೀರುತ್ತೇವೆ ಎನ್ನುವುದಾದರೆ ಮೂವತ್ತು ಗಾಡಿ ಸಾಕು, ಆರು ತಿಂಗಳು ಸಾಕು, ಅದರಲ್ಲಿ ಒಂದು ಮಳೆಗಾಲ ಸೇರಿರಲಿ. ಬಾಡಿಗೆಗೆ ಪಡೆದ ಪ್ರತಿಯೊಬ್ಬರನ್ನೂ ಆ್ಯಪ್‌ನಲ್ಲಿ ಒಂದೇ ಪ್ರಶ್ನೆ ಕೇಳಲಿ: ಇದು ಇಲ್ಲದಿದ್ದರೆ ಇವತ್ತು ಹೇಗೆ ಹೋಗುತ್ತಿದ್ದಿರಿ? ಕಾರು ಎಂದವರು ನಾಲ್ಕರಲ್ಲಿ ಒಬ್ಬರಿಗಿಂತ ಕಡಿಮೆ ಇದ್ದರೆ ಗಾಡಿಗಳನ್ನು ವಿಶ್ವವಿದ್ಯಾಲಯದ ಆವರಣಕ್ಕೋ ಕಾರ್ಖಾನೆಗಳ ಒಳಗಿನ ಓಡಾಟಕ್ಕೋ ಕೊಟ್ಟುಬಿಡಬೇಕು.