ಚಿಕ್ಕಪ್ಪನ ಕೈಗೆ ಕಾಲಂ ಇಲ್ಲ

ನಮ್ಮ ಚಿಕ್ಕಪ್ಪನಿಗೆ ಬಲಗೈ ಮಣಿಕಟ್ಟಿನವರೆಗೆ ಮಾತ್ರ ಇದೆ. ಮುಂದಿನದು ಮೇವು ಕತ್ತರಿಸುವ ಮಿಷನ್ನಿಗೆ ಜೋಳದ ದಂಟಿನ ಜೊತೆಯಲ್ಲೇ ಹೋಯಿತು. ಒಂದು ವರ್ಷ ಸುಮ್ಮನೆ ಕೂತಿದ್ದರು, ಆಮೇಲೆ ಹಳೇ ಸೈಕಲ್ ಟ್ಯೂಬ್ ಸೀಳಿ, ಕುಡುಗೋಲಿನ ಹಿಡಿಯನ್ನು ಮೋಟುಗೈಗೆ ಬಿಗಿದು ಕಟ್ಟಿಕೊಂಡು ಹುಲ್ಲು ಕೊಯ್ಯೋಕೆ ಇಳಿದರು. ಸಂಜೆ ಬಿಚ್ಚಿದರೆ ಟ್ಯೂಬ್ ಕಚ್ಚಿದ ಜಾಗ ಕೆಂಪಗೆ ಊದಿರುತ್ತದೆ.

ಕ್ಯಾಂಪಿನಲ್ಲಿ ಕೊಟ್ಟ ಪ್ಲಾಸ್ಟಿಕ್ ಕೈ ಒಂದಿದೆ. ಬೆರಳುಗಳು ನನ್ನದಕ್ಕಿಂತ ಚೆನ್ನಾಗಿವೆ. ಏನನ್ನೂ ಹಿಡಿಯೋದಿಲ್ಲ ಅಷ್ಟೇ. ಮದುವೆಗೆ ಹೋಗುವಾಗ ಹಾಕಿಕೊಳ್ಳುತ್ತಾರೆ.

ಕುಡುಗೋಲನ್ನು ಮೋಟುಗೈಗೆ ಕಟ್ಟಿಕೊಳ್ಳೋಕೆ ಕೆಲಸಕ್ಕೆ ಒಗ್ಗುವ ಒಂದು ಬೆಲ್ಟು ಮಾಡಿಸೋಣ, ಸಹಾಯಧನ ಸಿಗುತ್ತೇನೋ ಅಂತ ಕರೆದುಕೊಂಡು ಹೋದೆ. ರೈತರನ್ನು ನೋಡಿಕೊಳ್ಳುವ ಕಚೇರಿಯಲ್ಲಿ, 'ಅಂಗವಿಕಲರಿಗಾ? ಆ ಕಡೆ ಬಿಲ್ಡಿಂಗು' ಅಂದರು. ಆ ಕಡೆ ಬಿಲ್ಡಿಂಗಿನಲ್ಲಿ, 'ಕುಡುಗೋಲಿಗಾ? ಈ ಕಡೆ ಬಿಲ್ಡಿಂಗು' ಅಂದರು. ಒಂದರಲ್ಲಿ ಚಿಕ್ಕಪ್ಪ ಬರೀ ರೈತ, ಇನ್ನೊಂದರಲ್ಲಿ ಬರೀ ಅಂಗವಿಕಲ. ಎರಡೂ ಒಟ್ಟಿಗೆ ಆಗಿದ್ದು ನಡುವೆ ಇರುವ ಟೀ ಅಂಗಡಿಯಲ್ಲಿ ಮಾತ್ರ.

ಕಾನೂನೇನೋ ಪಾಪ, ಧಾರಾಳಿ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಪ್ರಕಾರ ಸರ್ಕಾರ ಕೃಷಿ ಭೂಮಿ ಹಂಚುವಾಗ 5% ಇಂಥವರಿಗೇ ಮೀಸಲು. ಅಂದ್ರೆ ಇವರೂ ಉಳಬಹುದು ಅಂತ ದೆಹಲಿಗೆ ಗೊತ್ತು. ಯಾವುದರಲ್ಲಿ ಉಳಬೇಕು ಅನ್ನೋದಕ್ಕೆ ಬೇರೆ ಯೋಜನೆ ನೋಡಬೇಕು. ಕೃಷಿ ಯಂತ್ರಗಳ ಕೇಂದ್ರ ಯೋಜನೆಯಲ್ಲಿ ಪರಿಶಿಷ್ಟರಿಗೆ, ಮಹಿಳೆಯರಿಗೆ, ಸಣ್ಣ ರೈತರಿಗೆ 50%ವರೆಗೆ ಸಬ್ಸಿಡಿ, ಉಳಿದವರಿಗೆ 40%. ಕೈ ಹೋದವರಿಗೆ ಅಂತ ಬೇರೆ ಸಾಲಿಲ್ಲ. ಕೈ ಉಳಿಯದಿದ್ದರೂ ಅವರು 'ಉಳಿದವರೇ'. ಅತ್ತ ಅಂಗವೈಕಲ್ಯದ ಸವಲತ್ತಿಗೂ ವೈಕಲ್ಯ ಕನಿಷ್ಠ 40% ಇರಬೇಕು. (ಆ ನಂಬರ್ ಕೇಳಿದರೆ ನಮ್ಮ ರಾಜ್ಯದಲ್ಲಿ ಜನ ನಗೋದು ಕಮಿಷನ್ ನೆನಪಾಗಿ, ಬಿಡಿ.)

ಅಮೆರಿಕದಲ್ಲಿ 1990ರ ಕೃಷಿ ಕಾನೂನಿನಲ್ಲೇ ಅಗ್ರ್‌ಎಬಿಲಿಟಿ ಅಂತ ಇಂಥ ರೈತರಿಗಾಗಿಯೇ ಒಂದು ಕಾರ್ಯಕ್ರಮ ತಂದರು. ಅವರೂ ಯಂತ್ರಕ್ಕೆ ದುಡ್ಡು ಕೊಡೋದಿಲ್ಲ, ಆದ್ರೆ ಹೊಲಕ್ಕೆ ಬಂದು ಕೆಲಸ ನೋಡಿ ದಾರಿ ಹೇಳುತ್ತಾರೆ. ನಮ್ಮಲ್ಲಿ ಹೊಲವೇ ಕಚೇರಿಗೆ ಬರಬೇಕು, ಪಹಣಿ ರೂಪದಲ್ಲಿ.

ಮೂರನೇ ಸಲ ಹೋದಾಗ ಒಬ್ಬ ಪುಣ್ಯಾತ್ಮರು ಅರ್ಜಿ ತಗೊಂಡರು. 'ಹೆಬ್ಬೆಟ್ಟು ಒತ್ತಿ ಯಜಮಾನ್ರೇ.' ಚಿಕ್ಕಪ್ಪ ಎಡಗೈ ಇಟ್ಟರು. ಮಿಷನ್ ಒಪ್ಪಲಿಲ್ಲ. ಒರೆಸಿ ಇಟ್ಟರು, ಒಪ್ಪಲಿಲ್ಲ. ಎರಡು ಕೈಯ ಕೆಲಸ ಒಂದೇ ಕೈ ಮಾಡಿ ಮಾಡಿ ಗೆರೆಗಳೆಲ್ಲ ಸವೆದು ಹೋಗಿವೆ. 'ಹಾಗಾದ್ರೆ ಬಲಗೈ ಇಡಿ' ಅಂದುಬಿಟ್ಟು, ತಲೆಯೆತ್ತಿ ನೋಡಿ, ಪಾಪ, ಅವರೇ ನಾಲಿಗೆ ಕಚ್ಚಿಕೊಂಡರು.

ಕೊನೆಗೆ ಅದೂ ಇದೂ ಮಾಡಿ ಅರ್ಜಿ ಒಳಗೆ ಹೋಯಿತು. ಈಗ ಸಾಧನದ ಬೆಲೆಗೆ ಮೂರು ಅಂಗಡಿಯಿಂದ ಕೊಟೇಶನ್ ತನ್ನಿ ಅಂದಿದ್ದಾರೆ, ಜಿಎಸ್‌ಟಿ ನಂಬರ್ ಇರಲೇಬೇಕಂತೆ. ನಮಗೆ ಗೊತ್ತಿರೋದು ಊರ ಬಾಗಿಲಿನ ಪಂಚರ್ ಅಂಗಡಿ ಒಂದೇ. ವಿಷಯ ಹೇಳಿದ್ದಕ್ಕೆ ಅವನು ಹೊಟ್ಟೆ ಹಿಡಿದು ನಕ್ಕು, ಎರಡು ಹಳೇ ಟ್ಯೂಬ್ ಪುಕ್ಕಟೆ ಕೊಟ್ಟ.

'ಒಂದು ಕುಡ್ಲು ಕಟ್ಕೊಳಕ್ಕೆ ಕಣಣ್ಣ, ಇನ್ನೊಂದು ಆ ಫೈಲ್ ಕಟ್ಟಕ್ಕೆ.'