ಕಾಕಾನ ಡೀಸೆಲ್ಲು, ಕಾಕುನ ಇಳಕಲ್ ಸೀರೆ

ಕೈಗೆ ಸಿಕ್ಕ ಡೀಸೆಲ್ ಬಿಡುವವನು ರೈತನೇ ಅಲ್ಲ ಎಂಬುದು ನಮ್ಮ ಕಾಕಾನ ಸಿದ್ಧಾಂತ. ಅದರಲ್ಲಿ ನೀರು ಇರಲಿ, ಮಣ್ಣು ಇರಲಿ, ಕಪ್ಪೆಯೇ ಈಜಾಡುತ್ತಿರಲಿ. “ಸೋಸಿದ್ರ ಆತು, ಅದರಾಗೇನೈತಿ?” ಎನ್ನುತ್ತಾರೆ.

ಈ ಸಿದ್ಧಾಂತ ಪರೀಕ್ಷೆಗೆ ಕೂತದ್ದು 2019ರ ಆಗಸ್ಟ್‌ನಲ್ಲಿ. ಆ ಸಲ ಘಟಪ್ರಭಾ ಮುಧೋಳ ಕಡೆ ಹೇಗೆ ಬಂದಳು ಎಂದು ಇಲ್ಲಿನವರಿಗೆ ಹೇಳುವುದೇ ಬೇಡ. ಕಬ್ಬು ಮಲಗಿತ್ತು, ಕಂಬಗಳು ಮಲಗಿದ್ದವು, ಕರೆಂಟು ಇರಲಿಲ್ಲ. ಕಾಕಾನ ಹೊಲದ ಶೆಡ್ಡಿನಲ್ಲಿದ್ದ ಡೀಸೆಲ್ ಬ್ಯಾರಲ್ಲೂ ಹೋಗಿತ್ತು. ಹೊಳೆ ಇಳಿದ ಮೇಲೆ ನೋಡಿದರೆ ಅದು ಪಕ್ಕದವರ ಕಬ್ಬಿನಲ್ಲಿ ಆರಾಮಾಗಿ ಕೂತಿದೆ. ಡೀಸೆಲ್ ನೀರಿಗಿಂತ ಹಗುರ. ಲೀಟರಿಗೆ ಸುಮಾರು 830 ಗ್ರಾಂ. ಜೊತೆಗೆ ಬ್ಯಾರಲ್ ಅರ್ಧ ಖಾಲಿ ಇತ್ತು. ಹಾಗಾಗಿ ಮುಳುಗದೆ ತೇಲಿಕೊಂಡು ಹೋಗಿ ಬಚಾವಾಗಿತ್ತು. ಬಿರಡೆ ಮಾತ್ರ ಸಡಿಲಾಗಿತ್ತು. ಹೊಳೆ ಒಳಗೂ ಬಂದು ಮಾತಾಡಿಸಿ ಹೋಗಿತ್ತು.

ಇಲ್ಲಿಯವರೆಗೆ ಎಲ್ಲ ಸುಲಭ. ನೀರು ತಳಕ್ಕೆ ಹೋಗುತ್ತದೆ, ಡೀಸೆಲ್ ಮೇಲೆ ನಿಲ್ಲುತ್ತದೆ. ಬ್ಯಾರಲ್ಲನ್ನು ಇದ್ದಲ್ಲೇ ಬಿಟ್ಟು ಮೇಲಿನಿಂದ ತೆಗೆದುಕೊಂಡಿದ್ದರೆ ಕಥೆಯೇ ಇರುತ್ತಿರಲಿಲ್ಲ. ಆದರೆ ಪಕ್ಕದವರ ಹೊಲದಲ್ಲಿ ತಮ್ಮ ಬ್ಯಾರಲ್ ಒಂದು ರಾತ್ರಿ ಇರುವುದು ಕಾಕಾಗೆ ಸೇರಲಿಲ್ಲ. ಬಿರಡೆ ಬಿಗಿದು, ಅಡ್ಡಾಗಿ ಕೆಡವಿ, ಹೊಲದಿಂದ ಮನೆಯವರೆಗೆ ಗಡಗಡ ಉರುಳಿಸಿಕೊಂಡೇ ಬಂದರು. ಅಂಗಳದಲ್ಲಿ ಬಿರಡೆ ತೆಗೆದು ನೋಡಿದರೆ ಒಳಗೆ ಕಡೆದ ಮಜ್ಜಿಗೆ.

ಸೋಸುವ ಕೆಲಸ ಶುರುವಾಯಿತು. ಮೊದಲು ಚಹಾ ಸೋಸುವ ಜರಡಿ. ಅದರಲ್ಲಿ ಕಬ್ಬಿನ ರವದಿ, ಒಂದು ಸತ್ತ ಜೀರುಂಡೆ, ಯಾರದೋ ಅಂಗಿಯ ಗುಂಡಿ ಸಿಕ್ಕವು. ಕಾಕಾ ಒಂದೊಂದನ್ನೂ ಎತ್ತಿ ಹಿಡಿದು ನಮಗೆಲ್ಲ ತೋರಿಸಿದರು. ಕಸ ಕಣ್ಣಿಗೆ ಕಂಡಷ್ಟೂ ಸೋಸುವವನಿಗೆ ಹುರುಪು ಜಾಸ್ತಿ. ಆಮೇಲೆ ಹಳೇ ಬನಿಯನ್ ಬಂತು. ಅದೂ ಸಾಲಲಿಲ್ಲ. ಒಳಗೆ ಹೋಗಿ ಟ್ರಂಕಿನಿಂದ ಮೆತ್ತನೆಯ ಒಂದು ಬಟ್ಟೆ ತಂದು ನಾಲ್ಕು ಮಡಿಕೆ ಮಾಡಿ ಲಾಳಿಕೆಗೆ ಕಟ್ಟಿದರು. ಅದು ಕಾಕುನ ಇಳಕಲ್ ಸೀರೆ.

ಕಾಕು ಹೊರಗೆ ಬಂದಾಗ ಡೀಸೆಲ್ ಅರ್ಧ ಇಳಿದಿತ್ತು.

“ಇದು ನಮ್ಮವ್ವ ಕೊಟ್ಟ ಸೀರಿ!”

“ಒಡಲಷ್ಟ ಹರದೀನಿ. ಒಡಲು ಹತ್ತಿ, ಸೋಸಾಕ ಬರತೈತಿ. ರೇಷ್ಮಿ ಸೆರಗು ಮುಟ್ಟಿಲ್ಲ ನೋಡು. ಹಂಗ ಐತಿ.”

ಇಳಕಲ್ಲಿನ ನೇಕಾರರು ಒಡಲಿಗೂ ಸೆರಗಿಗೂ ಕೊಂಡಿ ಹಾಕಿ ಎಳೆ ಎಳೆ ಜೋಡಿಸುತ್ತಾರೆ. ಕಾಕಾ ಸರಿಯಾಗಿ ಆ ಕೊಂಡಿಯ ಹತ್ತಿರವೇ ಹರಿದಿದ್ದರು. ಕುಶಲ ಕೆಲಸ ಎಂದೇ ಹೇಳಬೇಕು. ಕಾಕು ಸೆರಗನ್ನು ಎದೆಗೆ ಅವಚಿಕೊಂಡು ಒಳಗೆ ಹೋದರು. ಆ ದಿನ ನಮ್ಮ ಊಟಕ್ಕೆ ರೊಟ್ಟಿ ಬಂದವು, ಪಲ್ಯ ಬರಲಿಲ್ಲ.

ಸೀರೆಯಿಂದ ಇಳಿದ ಡೀಸೆಲ್ ಮಾತ್ರ ನೋಡಲು ಚೆಂದ ಇತ್ತು. ಬಾಟಲಿಯಲ್ಲಿ ತುಂಬಿ ಬಿಸಿಲಿಗೆ ಹಿಡಿದರೆ ಪರವಾಗಿಲ್ಲ ಅನ್ನಿಸುವಷ್ಟು. ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಕಾಕಾನ ಮಗ ಅದೇ ಹೊತ್ತಿಗೆ ಬಂದ. ಬಂದವನೇ ಮೈಕ್ರಾನ್ ಲೆಕ್ಕ ತೆಗೆದ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ನಮ್ಮ ಎರೆ ಮಣ್ಣಿನಲ್ಲಿರುವ ಜೇಡಿಯ ಕಣ 2 ಮೈಕ್ರಾನಿಗಿಂತಲೂ ಸಣ್ಣದು. ಸೀರೆ ಅದನ್ನು ಎಲ್ಲಿ ಹಿಡಿಯಬೇಕು? “ನೀರಂತೂ ಬಟ್ಟಿಯಾಗ ನಿಲ್ಲಂಗಿಲ್ಲಪ್ಪಾ. ಮ್ಯಾಲ ಹತ್ತಿಯ ಎಳಿ ಬಿಟಗೊಂಡು ಫಿಲ್ಟರಿಗೆ ಕುಂದರತಾವ” ಎಂದ.

“ನಿನಗ ಫೀ ಕಟ್ಟಿದ್ದು ಇದನ್ನ ಹೇಳಾಕೇನು?” ಎಂದರು ಕಾಕಾ.

ಅಪ್ಪನನ್ನು ಸಮಾಧಾನ ಮಾಡಲು ಅವನು ಇನ್ನೊಂದು ಸಂಗತಿ ಹೇಳಿದ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಒಂದು ಸಣ್ಣ ಡೀಸೆಲ್ ಇಂಜಿನ್ನನ್ನು ಶೇಂಗಾ ಎಣ್ಣೆಯಲ್ಲೇ ಓಡಿಸಿದ್ದರಂತೆ. ಇದು ನಿಜ. ಆದರೆ ಹೇಳುವ ಹೊತ್ತು ಅದಲ್ಲ. ಕಾಕಾನ ಕಣ್ಣು ಅಡುಗೆಮನೆ ಕಡೆ ತಿರುಗಿತು. ಒಳಗಿಂದ ಎಣ್ಣೆ ಡಬ್ಬಿ ಸರಿಸಿದ ಸದ್ದು ಕೇಳಿಸಿತು.

ನೀರು ಇದೆಯೋ ಇಲ್ಲವೋ ಎಂಬ ಚರ್ಚೆಗೆ ಅಕ್ಕಪಕ್ಕದವರೂ ಸೇರಿದರು. ಒಬ್ಬರು ಕಾದ ಹಂಚಿನ ಮೇಲೆ ಎರಡು ಹನಿ ಬಿಡಲು ಹೇಳಿದರು. ಚಟಪಟ ಅಂದರೆ ನೀರಿದೆ ಎಂದು ಅರ್ಥ. ಎಣ್ಣೆಗೆ ಈ ಪರೀಕ್ಷೆ ನಡೆಯುತ್ತದೆ, ಸುಳ್ಳಲ್ಲ. ಆದರೆ ಕಿಡಿ ಸಿಕ್ಕರೆ ಹೊತ್ತಿಕೊಳ್ಳುವ ಆವಿ ಏಳಲು ಡೀಸೆಲ್ಲಿಗೆ 35 ಡಿಗ್ರಿಯೇ ಸಾಕಾಗಬಹುದು, ನಮ್ಮ ದೇಶದ ಮಾನದಂಡ ಅಷ್ಟಕ್ಕೇ ಅವಕಾಶ ಕೊಟ್ಟಿದೆ. ನಮ್ಮೂರ ಬೇಸಿಗೆ ಅದನ್ನು ಬೆಳಿಗ್ಗೆಯೇ ದಾಟುತ್ತದೆ. ಅಂಥದ್ದನ್ನು ಒಲೆಯ ಹತ್ತಿರ ಒಯ್ಯುವುದೇ? ಅಷ್ಟರಲ್ಲಿ ಕಾಕು ಹಂಚನ್ನೂ ಒಳಗಿಟ್ಟು ಕದ ಹಾಕಿದ್ದರು. ನಮ್ಮ ಪ್ರಾಣ ಉಳಿದದ್ದು ಹಾಗೆ.

ಇನ್ನು ಕಾಯಲು ಕಾಕಾ ತಯಾರಿರಲಿಲ್ಲ. ಇಂಜಿನ್ನಿಗೆ ಸುರಿದು ಹ್ಯಾಂಡಲ್ ಹೊಡೆದೇ ಬಿಟ್ಟರು. ಡಬ್ ಡಬ್ ಡಬ್ ಎಂದು ಶುರುವಾಯಿತು. ಕಾಕಾ ಮಗನ ಕಡೆ ತಿರುಗಿ ಮೀಸೆ ಮುಟ್ಟಿಕೊಂಡರು. ಮೀಸೆಯಿಂದ ಕೈ ಇಳಿಸುವ ಮೊದಲೇ ಬಿಳಿ ಹೊಗೆ ಬಂತು. ಇಂಜಿನ್ ಒಂದೆರಡು ಸಲ ಕೆಮ್ಮಿ ನಿಂತಿತು.

ಮಿಸ್ತ್ರಿ ಚಾಚಾ ಬಂದರು. ಫಿಲ್ಟರಿನ ಕೆಳಗಿನ ಬೋಲ್ಟ್ ಸಡಿಲಿಸಿದರು. ಮೊದಲು ಇಳಿದದ್ದು ಅಪ್ಪಟ ಘಟಪ್ರಭಾ. ಫಿಲ್ಟರ್ ಬಿಚ್ಚಿದರೆ ಒಳಗೆ ಹತ್ತಿಯ ನೂಲು.

“ಇದೇನ್ರೀ ಗೌಡ್ರ, ಡೀಸೆಲ್ ಪಂಪಿಗೆ ಸೀರಿ ಉಡಿಸೀರಿ?”

ಕಾಕಾ ಆಕಾಶ ನೋಡಿದರು. ಚಾಚಾ ಸಾವಕಾಶವಾಗಿ ಹೇಳಿದರು. ಇಂಜಿನ್ನಿಗೆ ಡೀಸೆಲ್ ತಳ್ಳುವ ಪಂಪಿನ ಒಳಗಿನ ದಂಡಕ್ಕೂ ಅದರ ಗೂಡಿಗೂ ನಡುವೆ ಇರುವ ಸಂದು ಬರೀ ಎರಡು–ಮೂರು ಮೈಕ್ರಾನ್. ಅಲ್ಲಿ ಬೇರೆ ಗ್ರೀಸ್ ಇಲ್ಲ, ಡೀಸೆಲ್ಲೇ ಜಾರಿಸುವ ಎಣ್ಣೆ. ನೀರು ಹೊಕ್ಕರೆ ಉಜ್ಜುತ್ತದೆ, ತುಕ್ಕು ಹಿಡಿಯುತ್ತದೆ. ಇಂಜಿನ್ನೊಳಗೆ ಡೀಸೆಲ್ ಚಿಮುಕಿಸುವ ನಾಝಲ್ಲಿನ ತುದಿಗೆ ನೀರ ಹನಿ ಹೋದರೆ ಅಲ್ಲಿನ ಕಾವಿಗೆ ತಟ್ಟನೆ ಆವಿಯಾಗುತ್ತದೆ, ತುದಿಯೇ ಒಡೆದರೂ ಒಡೆಯಿತು. “ಮತ್ತ ಈ ನೀರು ಹಂಗ ಬಿಟ್ರ ಅದರಾಗ ಹುಳಾನೂ ಆಗತಾವ” ಎಂದರು. ನೀರು–ಡೀಸೆಲ್ ಕೂಡುವಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳ ಮಾತು ಅದು. ಅವು ನೀರಲ್ಲಿದ್ದು ಡೀಸೆಲ್ ತಿನ್ನುತ್ತವೆ, ಕಂದು ಲೋಳೆ ಕಟ್ಟುತ್ತವೆ. ಕಾಕಾ ಮಾತ್ರ ಕೂಡಲೇ ಚಹಾದ ಜರಡಿ ಕೈಗೆತ್ತಿಕೊಂಡರು.

“ಸೋಸಬ್ಯಾಡ್ರೀ! ಮೊದಲು ಸುಮ್ನ ಇರ್ರಿ!”

ಸುಮ್ಮನಿರುವುದೇ ಔಷಧ ಎಂದು ಯಾರಾದರೂ ಕಾಕಾಗೆ ಹೇಳಿದ್ದು ಅದೇ ಮೊದಲು. ಬ್ಯಾರಲ್ಲನ್ನು ಕಲ್ಲಿನ ಮೇಲೆ ಓರೆಯಾಗಿ ಕೂರಿಸಿ, ಬಿರಡೆ ಬಿಗಿದು, ನೆರಳಿಗೆ ಬಿಟ್ಟರು. ಯಾರೂ ಮುಟ್ಟಬಾರದು ಎಂದಾಯಿತು. ಕಾಕಾ ಮುಟ್ಟಲಿಲ್ಲ, ನಿಜ. ಬೆಳಿಗ್ಗೆ ಎದ್ದು ಬೆರಳಿನಿಂದ ಕುಟ್ಟಿ ನೋಡುತ್ತಿದ್ದರು ಅಷ್ಟೇ. ಪೆಟ್ರೋಲ್ ಬಂಕಿನಲ್ಲಿ ಕೆಲಸ ಮಾಡುವ ಓಣಿಯ ಹುಡುಗ ನೀರು ಹುಡುಕುವ ಪೇಸ್ಟ್ ತಂದ. ಅದನ್ನು ಕೋಲಿಗೆ ಸವರಿ ತಳದವರೆಗೆ ಅದ್ದಿದರೆ, ನೀರು ಎಲ್ಲಿವರೆಗೆ ನಿಂತಿದೆಯೋ ಅಲ್ಲಿವರೆಗೆ ಬಣ್ಣ ಬದಲಾಗುತ್ತದೆ. ಅಷ್ಟು ಬಿಟ್ಟು, ಇನ್ನೂ ಒಂದು ಗೇಣು ಮೇಲಿನಿಂದ, ಚಾಚಾ ಕೈಪಂಪಿನಿಂದ ಎಳೆದರು. ಹೊಸ ಫಿಲ್ಟರ್ ಹಾಕಿದರು. ಇಂಜಿನ್ ನಿಲ್ಲದೆ ಓಡಿತು.

ಮಾರನೇ ದಿನ ಕರೆಂಟ್ ಬಂತು.

ಉಳಿದ ಡೀಸೆಲ್ಲನ್ನು ಕಾಕಾ ಕ್ಯಾನಿಗೆ ತುಂಬಿ ಬೀಗ ಹಾಕಿಟ್ಟರು. ಅದರ ಬೆಲೆ ಆಗ ಲೀಟರಿಗೆ 70 ರೂಪಾಯಿಯ ಆಸುಪಾಸು. ಸೀರೆಯ ಬೆಲೆ ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಊರಲ್ಲಿ ಮಾತ್ರ ಹೆಸರಾಯಿತು. ಹೊಳೆಗೆ ಸಿಕ್ಕ ಡೀಸೆಲ್ ಉಳಿಸಿಕೊಳ್ಳಲು ಕಾಕಾನನ್ನೇ ಕೇಳಬೇಕು ಎಂದು. ಆ ವಾರವೇ ಪಕ್ಕದ ಹೊಲದವರು ತಮ್ಮ ಬ್ಯಾರಲ್ಲನ್ನು ಗಡಗಡ ಉರುಳಿಸಿಕೊಂಡು ಅಂಗಳಕ್ಕೆ ಬಂದರು.

ಕಾಕಾ ಎದ್ದು ನಿಂತರು. “ಬುದ್ಧಿ ಐತೇನು ನಿಮಗ? ಡೀಸೆಲ್ ಬ್ಯಾರಲ್ ಯಾರರ ಉರುಳಿಸ್ತಾರೇನು?”

ಒಳಗೆ ಕಾಕು ಟ್ರಂಕಿಗೆ ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.